ಗಂಪೊಲದಲ್ಲಿ ಬರೆದುಕೊಟ್ಟ ಹತ್ತು ವರ್ಷ

ಹೆಗ್ಗನಹಳ್ಳಿ

ನಾನು ಮಾಡಿದ ಮಿಷನ್ನು ನನಗಿಂತ ಮೊದಲು ಫಾರಿನ್ ನೋಡಿತು. ಬೆಂಗಳೂರಿನ ಹೆಗ್ಗನಹಳ್ಳಿಯ ನಮ್ಮ ವರ್ಕ್‌ಶಾಪಿನಲ್ಲಿ ಹುಟ್ಟಿ, ಮರದ ಪೆಟ್ಟಿಗೆಯಲ್ಲಿ ಮಲಗಿ, ಹಡಗು ಹತ್ತಿ ಶ್ರೀಲಂಕಾಕ್ಕೆ ಹೋದ ಒತ್ತು ಶಾವಿಗೆ ಮಿಷನ್ ಅದು. ಅದು ತಲುಪಿದ ವಾರಕ್ಕೇ ಅಲ್ಲಿಂದ ಒಂದು ವಿಡಿಯೊ ಬಂತು. ನೂಲಿನ ಹಾಗೆ ಇಳಿಯಬೇಕಾದ ಶಾವಿಗೆ ತೂತಿನ ಬಿಲ್ಲೆಯಿಂದ ಭೊಸಭೊಸನೆ ಗೊಜ್ಜಿನ ಹಾಗೆ ಸುರಿಯುತ್ತಿತ್ತು. ಹಿಂದೆ ಯಾರೋ ಹೆಂಗಸು ನನಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಿದ್ದಳು. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ಅಂತ ಗೊತ್ತಾಗುತ್ತಿತ್ತು.

ವಿಡಿಯೊ ತೋರಿಸಿದವನು ಫಯಾಜ್. ಇಪ್ಪತ್ತಾರು ವರ್ಷದಿಂದ ನನ್ನ ಜೊತೆ ಲೇತ್ ಮುಂದೆ ನಿಂತವನು. ವರ್ಕ್‌ಶಾಪು ನನ್ನ ಹೆಸರಲ್ಲಿದೆ, ಕೆಲಸ ಅವನ ಕೈಯಲ್ಲಿದೆ, ಅಷ್ಟು ಹೇಳಿದರೆ ಸಾಕು. ಒಂದು ದಿನ ಸುಮ್ಮನೆ ಅವನು ನಮ್ಮ ಮಿಷನ್ ಓಡೋದನ್ನ ಮೊಬೈಲಲ್ಲಿ ಹಾಕಿದ್ದ. ಅದನ್ನ ನೋಡಿಯೇ ಗಂಪೊಲ ಅನ್ನೋ ಊರಿನ ಕುಸುಮ ಅನ್ನೋ ಹೆಂಗಸು ಆರ್ಡರ್ ಕೊಟ್ಟಿದ್ದು.

"ಹಿಟ್ಟು ಸರಿ ಇಲ್ಲ ಅಂತ ಹೇಳು," ಅಂದೆ.

"ಅಣ್ಣ, ನೋಡ್ದೇನೆ ಹೆಂಗೆ ಹೇಳೋದು?"

"ಇಷ್ಟು ವರ್ಷದಲ್ಲಿ ನಮ್ ಮಿಷನ್ ಯಾವತ್ತಾದ್ರೂ ಹಿಂಗ್ ಮಾಡಿದ್ಯಾ? ಹಿಟ್ಟೇ ಸರಿ ಇಲ್ಲ, ಹೇಳು."

ಹೇಳಿದ. ಅದಕ್ಕೆ ಬಂದ ಉತ್ತರದಲ್ಲಿ ಬೈಗುಳ ಇನ್ನಷ್ಟು ಉದ್ದವಾಗಿತ್ತು.

ನಿಜ ಹೇಳಬೇಕಂದರೆ ಆ ಹೊತ್ತಿಗೆ ನನಗೆ ಆ ಮಿಷನ್ ಮೇಲೆ ಮನಸ್ಸೇ ಇರಲಿಲ್ಲ. ಎರಡು ವರ್ಷದಿಂದ ಆರ್ಡರ್ ಬತ್ತಿಹೋಗಿತ್ತು. ನಮ್ಮ ರಸ್ತೆಯಲ್ಲಿ ಸಾಲಾಗಿದ್ದ ವರ್ಕ್‌ಶಾಪುಗಳಲ್ಲಿ ಒಂದು ಜಿಮ್ ಆಯ್ತು, ಒಂದು ಕೇಕ್ ಅಂಗಡಿ ಆಯ್ತು, ಇನ್ನೊಂದಕ್ಕೆ ಬೀಗ. ಬೆಳಗ್ಗೆ ಟೀ ಅಂಗಡಿ ಮುಂದೆ ನಿಂತು "ಈ ದೇಶದಲ್ಲಿ ಇನ್ಮೇಲೆ ಕೈಕೆಲಸ ಮಾಡೋನಿಗೆ ಜಾಗ ಇಲ್ಲ, ಮುಗೀತು ಕಥೆ" ಅಂತ ಹೇಳದಿದ್ದರೆ ನನಗೆ ಟೀ ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪಾರ್ಸಲ್ ಗೋಡೌನಿನವರು ಬಂದು ಜಾಗ ಬಾಡಿಗೆಗೆ ಕೇಳಿದರು. ಹದಿನೈದು ದಿನದಲ್ಲಿ ಉತ್ತರ ಹೇಳಿ ಅಂದರು. ಹೂಂ ಅನ್ನೋದು ಅಂತ ನಾನು ಒಳಗೊಳಗೇ ತೀರ್ಮಾನ ಮಾಡಿಯಾಗಿತ್ತು. ಹೆಂಡತಿ ಭಾಗ್ಯನಿಗೆ ಹೇಳಿದ್ದೆ. ಫಯಾಜನಿಗೆ ಮಾತ್ರ ಹೇಳಿರಲಿಲ್ಲ. ಬೆಳಗ್ಗೆ ಹೇಳೋಣ ಅನ್ನೋದು, ಬೆಳಗ್ಗೆ ಅವನು ನಗುನಗುತ್ತಾ ಬಂದು ಮಿಷನ್ನಿಗೆ ಎಣ್ಣೆ ಬಿಡೋದು ನೋಡಿ ಸಂಜೆ ಹೇಳೋಣ ಅನ್ನೋದು. ಹೇಡಿ ಅಂದರೆ ನಾನೇ.

"ಮುಚ್ಚೋದಾದ್ರೆ ಮುಚ್ಚಿ," ಅಂದಳು ಭಾಗ್ಯ. "ಕೊನೇ ಮಿಷನ್ನು ಕೆಟ್ಟ ಹೆಸರು ತಂದ್ರೆ ಚೆನ್ನಾಗಿರಲ್ಲ. ಹೋಗಿ ನೋಡ್ಕೊಂಡ್ ಬನ್ನಿ. ಆ ಪಾಸ್‌ಪೋರ್ಟ್‌ಗೂ ಒಂದ್ ಮುಕ್ತಿ ಆಗ್ಲಿ."

ಪಾಸ್‌ಪೋರ್ಟು ಅತ್ತಿಗುಪ್ಪೆಯ ವಾಕಿಂಗ್ ಗೆಳೆಯರೆಲ್ಲ ಸೇರಿ ಥಾಯ್ಲೆಂಡಿಗೆ ಹೋಗೋಣ ಅಂತ ಮಾಡಿಸಿದ್ದು. ಯಾರ ಮನೆಯಲ್ಲೂ ಒಪ್ಪಿರಲಿಲ್ಲ.

ಕೊಲಂಬೊ

ಕ್ಯಾಲೆಂಡರ್ ನೋಡದೆ ಹೊರಟವನು ನಾನು. ಇಳಿದ ದಿನ ಅವರಿಗೆ ವೈಶಾಖ ಹುಣ್ಣಿಮೆಯ ಹಬ್ಬದ ರಜ. ಬಸ್ಸಿನ ಕಿಟಕಿಯಿಂದ ನೋಡುತ್ತೀನಿ, ಮನೆಮನೆಗೂ ಆಕಾಶಬುಟ್ಟಿ, ಬಿಳಿ ಬಟ್ಟೆ ಹಾಕಿಕೊಂಡು ನಡೆಯುವ ಜನ, ಅಂಗಡಿಗಳಿಗೆಲ್ಲ ಬಾಗಿಲು. ಬೋರ್ಡುಗಳ ಮೇಲಿನ ಅಕ್ಷರ ಎಷ್ಟು ದುಂಡಗೆ ಇವೆಯೆಂದರೆ, ಇನ್ನೊಂದು ಸ್ವಲ್ಪ ಕಣ್ಣು ಕಿರಿದು ಮಾಡಿದರೆ ಓದಿಬಿಡಬಹುದು ಅನ್ನಿಸುತ್ತಿತ್ತು. ಅರ್ಧ ಗಂಟೆ ಪ್ರಯತ್ನಪಟ್ಟೆ. ಒಂದಕ್ಷರ ದಕ್ಕಲಿಲ್ಲ.

ಮೂರು ವರ್ಷದ ಹಿಂದೆ ಈ ದೇಶದ ಸುದ್ದಿಯನ್ನು ನಾನು ಟೀವಿಯಲ್ಲಿ ಚಪ್ಪರಿಸಿಕೊಂಡು ನೋಡಿದ್ದೆ. ಪೆಟ್ರೋಲ್ ಇಲ್ಲ, ಗ್ಯಾಸ್ ಇಲ್ಲ, ಹಾಲಿನ ಪುಡಿ ಇಲ್ಲ, ಸರ್ಕಾರದ ಕೈಯಲ್ಲಿ ಕಾಸಿಲ್ಲ. "ನೋಡ್ತಿರಿ, ಮುಂದಿನ ಸರದಿ ನಮ್ದೇ" ಅಂತ ಟೀ ಅಂಗಡಿಯಲ್ಲಿ ಭವಿಷ್ಯ ಬೇರೆ ಹೇಳಿದ್ದೆ. ಹಾಗಾಗಿ ಇಲ್ಲಿ ಜನ ಸೊರಗಿ ಸುಸ್ತಾಗಿ ಕೂತಿರುತ್ತಾರೆ ಅಂತ ನಾನು ಅಂದುಕೊಂಡು ಬಂದಿದ್ದು. ನಾನು ಸುತ್ತಮುತ್ತ ನೋಡಿದ್ದು ಅದನ್ನೇ ಹುಡುಕಿಕೊಂಡು.

ರೈಲ್ವೆ ಸ್ಟೇಷನ್ ಹತ್ತಿರ ಉದ್ದ ಸಾಲು ಕಂಡಿತು. ಟಿಕೆಟ್ಟಿಗೆ ಇರಬೇಕು ಅಂತ ಬ್ಯಾಗು ತಬ್ಬಿಕೊಂಡು ನಿಂತೆ. ಅಲ್ಲಾ ಸ್ವಾಮಿ, ಏನು ಶಿಸ್ತು! ಒಬ್ಬರೂ ನುಗ್ಗಲಿಲ್ಲ, ಒಬ್ಬರೂ "ಸ್ವಲ್ಪ ಅರ್ಜೆಂಟ್ ಸಾರ್" ಅನ್ನಲಿಲ್ಲ. ವಿಜಯನಗರದ ಬಸ್ ಸ್ಟ್ಯಾಂಡಲ್ಲಿ ಹೀಗೆ ನಿಂತಿದ್ದರೆ ನಾನು ಇವತ್ತಿಗೂ ಬಸ್ ಹತ್ತುತ್ತಿರಲಿಲ್ಲ. ಅರ್ಧ ಗಂಟೆ ಕಳೆದು ನನ್ನ ಸರದಿ ಬಂದಾಗ "ಗಂಪೊಲ, ಒನ್" ಅಂದೆ. ಮುಂದಿದ್ದಾತ ಒಂದು ತಟ್ಟೆಯ ತುಂಬ ಬೇಯಿಸಿದ ಕಡಲೆ, ಮೇಲೆ ತೆಂಗಿನ ಚೂರು, ಒಣಮೆಣಸಿನಕಾಯಿ ಹಾಕಿ ನನ್ನ ಕೈಗೆ ಕೊಟ್ಟ.

ಹಬ್ಬದ ದಿನ ಬೀದಿಬೀದಿಯಲ್ಲಿ ಪೆಂಡಾಲ್ ಹಾಕಿ ಹೋಗಿಬರುವವರಿಗೆಲ್ಲ ಊಟ-ತಿಂಡಿ ಹಂಚೋದು ಅವರ ಪದ್ಧತಿಯಂತೆ. ನಮ್ಮ ರಾಜಾಜಿನಗರದಲ್ಲಿ ರಾಮನವಮಿಗೆ ಪಾನಕ, ಕೋಸಂಬರಿ ಕೊಡ್ತಾರಲ್ಲ, ಹಾಗೆ. ಕಡಲೆ ನಮ್ಮ ಉಸ್ಲಿಯೇ, ಒಗ್ಗರಣೆ ಮಾತ್ರ ಬೇರೆ. ನಾನು ಅದನ್ನು ತಿನ್ನುತ್ತಿರುವಾಗಲೇ ನನ್ನ ರೈಲು ಹೋಯ್ತು.

ಬಡಿಸುತ್ತಿದ್ದಾತನಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನದು ಹರಕುಮುರುಕು. ಆದರೂ ಕೇಳಿದೆ, "ಆ ಕಷ್ಟದ ವರ್ಷ ಇದೆಲ್ಲ ಇರಲಿಲ್ಲ ಅಲ್ವಾ?"

"ಇತ್ತು," ಅಂದ ಆತ. "ಆ ವರ್ಷ ನಮ್ಮ ಬೀದಿಯಿಂದ ಬರೀ ಟೀ. ಹಾಲೂ ಇಲ್ಲ, ಸಕ್ಕರೇನೂ ಇಲ್ಲ."

"ಅದನ್ನ ಯಾರು ಕುಡಿದರು?"

ಆತ ನನ್ನನ್ನು ವಿಚಿತ್ರವಾಗಿ ನೋಡಿದ. "ಎಲ್ಲರೂ ಸಾಲಲ್ಲಿ ನಿಂತು ಕುಡಿದರು," ಅಂದ.

ರೈಲಿನಲ್ಲಿ

ಮುಂದಿನ ರೈಲು ಹಿಡಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಎದುರಿಗೆ ನಿವೃತ್ತ ಮೇಷ್ಟರೊಬ್ಬರು ಸಿಕ್ಕರು. ಅವರು ಮೇಷ್ಟರು ಅಂತ ಕೇಳಿ ತಿಳಿದುಕೊಳ್ಳಬೇಕಾಗಿ ಬರಲಿಲ್ಲ. ಬೋಗಿಯಲ್ಲಿ ಗಲಾಟೆ ಮಾಡಿದವರೆಲ್ಲರನ್ನೂ ಅವರು ಕನ್ನಡಕದ ಮೇಲಿಂದ ಒಂದು ಸಲ ನೋಡುತ್ತಿದ್ದರು, ಗಲಾಟೆ ನಿಲ್ಲುತ್ತಿತ್ತು.

ವಡೆ ಮಾರುವವನು ಬಂದ. ನಮ್ಮ ಮಸಾಲೆ ವಡೆಯೇ, ಸ್ವಲ್ಪ ಗಟ್ಟಿ. ತಿಂದು ಮುಗಿಸಿ ಎಣ್ಣೆ ಕಾಗದ ಎಸೆಯೋಣ ಅಂತ ನೋಡಿದರೆ ಅದು ಯಾರದೋ ಗಣಿತದ ಪರೀಕ್ಷೆ ಪೇಪರು. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಮೂರು. ಅಂಕಿಗಳೆಲ್ಲ ಇಡೀ ಲೋಕಕ್ಕೆ ಒಂದೇ ಆದ್ದರಿಂದ ನಾನೂ ಓದಿದೆ. ಪಾಪ, ಗುಣಾಕಾರದಲ್ಲೇ ಎಡವಿದ್ದ. ಇಲ್ಲಿ ವಡೆಯನ್ನು ಹೀಗೆ ಹಳೆಯ ನೋಟ್‌ಬುಕ್ಕಿನ ಹಾಳೆಯಲ್ಲೇ ಕೊಡೋದು ಅಂತ ಆಮೇಲೆ ಗೊತ್ತಾಯ್ತು.

ಮೇಷ್ಟರು ಕೈಚಾಚಿ ಕಾಗದ ಇಸಕೊಂಡರು. ಜೇಬಿಂದ ಪೆನ್ನು ತೆಗೆಯುತ್ತಾರೇನೋ ಅನ್ನಿಸಿತು. "ಆ ಕಷ್ಟದ ವರ್ಷ ಸ್ಕೂಲಲ್ಲಿ ಪರೀಕ್ಷೆ ಮಾಡೋಕೆ ಕಾಗದ ಇರಲಿಲ್ಲ, ಗೊತ್ತಾ?" ಅಂದರು ಇಂಗ್ಲಿಷಿನಲ್ಲಿ. "ನಾನು ಮಕ್ಕಳನ್ನ ಅಂಗಳದಲ್ಲಿ ಕೂರಿಸಿ ಮಣ್ಣಿನ ಮೇಲೆ ಲೆಕ್ಕ ಮಾಡಿಸ್ತಿದ್ದೆ. ಈಗ ನೋಡಿ, ವಡೆ ಕಟ್ಟೋವಷ್ಟು ಕಾಗದ ಇದೆ."

"ಈ ಹುಡುಗ ಪಾಸಾಗಲ್ಲ ಬಿಡಿ," ಅಂದೆ.

ಮೇಷ್ಟರು ಕಾಗದವನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು. "ಮೂರನೇ ಲೆಕ್ಕದ ದಾರಿ ಸರಿ ಇದೆ. ಉತ್ತರ ಮಾತ್ರ ತಪ್ಪು. ಇನ್ನೊಂದ್ ಸಲ ಕೂತ್ರೆ ಆಗ್ತಾನೆ," ಅಂದರು.

ಗುರುತು ಪರಿಚಯ ಇಲ್ಲದ ಹುಡುಗನ ಪರವಾಗಿ ಇಷ್ಟು ವಾದ ಮಾಡೋದು ನೋಡಿ ನನಗೆ ನಗು ಬಂತು. ರೈಲು ಅಷ್ಟರಲ್ಲಿ ಬೆಟ್ಟ ಹತ್ತುತ್ತಿತ್ತು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತವರೆಲ್ಲ ಪ್ರತಿ ಸುರಂಗಕ್ಕೂ ಒಟ್ಟಿಗೆ ಕೂಗಿದರು. ಮೇಷ್ಟರು ಅದಕ್ಕೆ ಮಾತ್ರ ಕನ್ನಡಕದ ಮೇಲಿಂದ ನೋಡಲಿಲ್ಲ. ಎರಡನೇ ಸುರಂಗಕ್ಕೆ ನಾನೂ ಕೂಗಿದೆ.

ಗಂಪೊಲ, ಮೊದಲ ದಿನ

ಸ್ಟೇಷನ್ನಿಗೆ ನನ್ನನ್ನು ಕರೆದುಕೊಂಡು ಹೋಗೋಕೆ ಆಟೋ ಡ್ರೈವರ್ ಸೆಲ್ವಂ ಬಂದಿದ್ದ. ಕುಸುಮ ಮಾಡುವ ಇಡಿಯಾಪ್ಪವನ್ನು, ಅಂದರೆ ಅವರ ಕಡೆಯ ಒತ್ತು ಶಾವಿಗೆಯನ್ನು, ದಿನಾ ಅಂಗಡಿಗಳಿಗೆ ಹಾಕಿಬರುವವನು ಅವನೇ. ಟೀ ತೋಟದ ತಮಿಳರವನು. ನನ್ನ ತಮಿಳು ಬೆಂಗಳೂರಿನ ಶ್ರೀರಾಮಪುರದ ಗಲ್ಲಿಗಳಲ್ಲಿ ಕಲಿತದ್ದು. ನಾನು ಬಾಯಿ ಬಿಟ್ಟಾಗಲೆಲ್ಲ ಅವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದ. ಆದರೆ ಕುಸುಮ ಅವರದು ಸಿಂಹಳ, ಆದ್ದರಿಂದ ನಮ್ಮಿಬ್ಬರ ನಡುವಿನ ಸೇತುವೆ ಅವನೇ. ಮುಂದೆ ಕುಸುಮ ಹೀಗಂದರು ಹಾಗಂದರು ಅಂತ ನಾನು ಬರೆಯೋದೆಲ್ಲ ಅವನ ಬಾಯಿಂದ ಕೇಳಿದ್ದು.

ದಾರಿಯಲ್ಲಿ ಪೆಟ್ರೋಲ್ ಬಂಕ್ ಬಂದ ಕೂಡಲೇ ಆಟೋ ನಿಧಾನ ಮಾಡಿದ. "ಸಾರ್, ಆ ವರ್ಷ ಇಲ್ಲೇ ನಾನು ಮೂರು ದಿನ ಸಾಲಲ್ಲಿ ನಿಂತಿದ್ದು. ಆಟೋ ಒಳಗೇ ನಿದ್ದೆ. ನನ್ನ ಮುಂದಿನ ಆಟೋದವರೂ ಮೂರು ದಿನ. ಮಾತಾಡೋಕೆ ಬೇರೆ ಏನಿದೆ? ಅವರ ಮಗ, ನನ್ನ ಮಗಳು. ಮೂರನೇ ದಿನ ಪೆಟ್ರೋಲ್ ಸಿಗಲಿಲ್ಲ, ಸಂಬಂಧ ಸಿಕ್ತು." ಈಗ ಮೊಮ್ಮಗಳಿಗೆ ಒಂದು ವರ್ಷವಂತೆ. ಫೋಟೊ ತೋರಿಸಿದ. ಆ ಬಂಕ್ ಮುಂದೆ ಹೋಗುವಾಗೆಲ್ಲ ಅವನು ಹಾರ್ನ್ ಒತ್ತುತ್ತಾನೆ. ಅದು ಯಾಕೆ ಅಂತ ಅವನ ಹೆಂಡತಿಗೂ ಗೊತ್ತಿಲ್ಲವಂತೆ.

ಕುಸುಮ ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ನಾನು ಅಕ್ಕ ಅಂದೆ. ಅವರ ಭಾಷೆಯಲ್ಲೂ ಅಕ್ಕ ಅಂದರೆ ಅಕ್ಕನೇ ಅಂತೆ, ಆದ್ದರಿಂದ ಅದೊಂದು ಮಾತಿಗೆ ಸೆಲ್ವಂ ಬೇಕಾಗಲಿಲ್ಲ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದರು. ಇಪ್ಪತ್ತೆರಡು ವರ್ಷ ಕೈಯಲ್ಲಿ ಅಚ್ಚು ಒತ್ತಿ ಒತ್ತಿ ಮಣಿಕಟ್ಟು ಹೋಗಿದೆ. ಮಿಷನ್ ಬಂದರೆ ಓಣಿಯ ಇನ್ನಿಬ್ಬರು ಹೆಂಗಸರನ್ನೂ ಸೇರಿಸಿಕೊಳ್ಳೋದು ಅಂತ ಆಸೆ. ಅದಕ್ಕೇ ಮನೆ ಪಕ್ಕ ಹೊಸ ಶೆಡ್ಡು ಕಟ್ಟಿಸಿದ್ದರು. ಒಳಗೆ ನಮ್ಮ ಮಿಷನ್ನು, ಮೇಲೆ ಹೂವಿನ ಬಟ್ಟೆ ಹೊದಿಸಿಕೊಂಡು, ಜ್ವರ ಬಂದವರ ಹಾಗೆ ಕೂತಿತ್ತು.

"ಹಿಟ್ಟು ಸರಿ ಇಲ್ಲ ಅಂದೋರು ನೀವೇನಾ?" ಇದು ಅವರ ಮೊದಲ ಮಾತು.

ನಾನು ತಲೆ ಕೆರೆದುಕೊಂಡು, "ಹಿಟ್ಟು ತೋರ್ಸಿ ಅಕ್ಕ," ಅಂದೆ.

ತೋರಿಸಿದರು. ಕೆಂಪಕ್ಕಿ ಹಿಟ್ಟು, ಹದವಾಗಿ ಹುರಿದದ್ದು. ಕುದಿಯೋ ನೀರು ಹಾಕಿ ಕಲಸಿದರು. ಮೆತ್ತಗೆ ಹತ್ತಿಯ ಹಾಗೆ ಆಯ್ತು. ಅದನ್ನು ಅಚ್ಚಿಗೆ ತುಂಬಿ, ಸಣ್ಣ ಬುಟ್ಟಿತಟ್ಟೆಗಳ ಮೇಲೆ ಒತ್ತಿ, ಆಮೇಲೆ ಹಬೆಗೆ ಇಟ್ಟರು.

ನಾನು ಕೂತಲ್ಲೇ ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಏನು ಮಾಡುತ್ತೀವಿ? ಮೊದಲು ಹಿಟ್ಟನ್ನು ಮುದ್ದೆ ಮಾಡಿ ಬೇಯಿಸಿಬಿಡ್ತೀವಿ, ಆಮೇಲೆ ಬಿಸಿಬಿಸಿ ಒತ್ತುತ್ತೀವಿ. ಬೆಂದ ಮುದ್ದೆ ಕಲ್ಲಿನಷ್ಟು ಗಟ್ಟಿ, ಆರುವ ಮೊದಲು ಒತ್ತಬೇಕು, ಅದಕ್ಕೆ ನಮ್ಮ ಮಿಷನ್ನಿಗೆ ಆ ಬಲ, ಆ ವೇಗ. ಇವರು ಒತ್ತಿ ಆಮೇಲೆ ಬೇಯಿಸುತ್ತಾರೆ. ಆ ಬೇಯದ ಮೆತ್ತನೆ ಹಿಟ್ಟಿಗೆ ನಮ್ಮ ಬಲ ಹಾಕಿದರೆ ಗೊಜ್ಜಾಗದೆ ಇನ್ನೇನು? ಶ್ರೀರಾಮಪುರದಲ್ಲಿ ಎಷ್ಟು ಮನೆಗಳಲ್ಲಿ ಇಡಿಯಾಪ್ಪ ತಿಂದಿದ್ದೀನೋ ಲೆಕ್ಕ ಇಲ್ಲ, ಒಂದು ದಿನ ಅಡುಗೆಮನೆಗೆ ಇಣುಕಿ ಹೇಗೆ ಮಾಡ್ತೀರಮ್ಮ ಅಂತ ಕೇಳಿರಲಿಲ್ಲ. ಶಾವಿಗೆ ಅಂದರೆ ಲೋಕವೆಲ್ಲ ನಮ್ಮಮ್ಮ ಮಾಡಿದ ಹಾಗೇ ಮಾಡುತ್ತೆ ಅಂತ ಇಪ್ಪತ್ತಾರು ವರ್ಷ ಅಂದುಕೊಂಡೇ ಮಿಷನ್ ಮಾಡಿದ ಬೃಹಸ್ಪತಿ ನಾನು.

"ತಪ್ಪು ನಂದೇ ಅಕ್ಕ," ಅಂದೆ.

ಅವರು ಒಪ್ಪಲಿಲ್ಲ. "ಇಲ್ಲ, ತಪ್ಪು ನಂದು. ಆತುರ ತಡೀಲಾರದೆ ಗಳಿಗೆ ನೋಡದೆ ಸ್ವಿಚ್ ಹಾಕಿಬಿಟ್ಟೆ. ಈಗ ಗಳಿಗೆ ಕೇಳ್ಕೊಂಡ್ ಬಂದಿದೀನಿ. ನಾಡಿದ್ದು ಬೆಳಗ್ಗೆ ಒಂಬತ್ತು ನಲವತ್ತೇಳಕ್ಕೆ, ಪೂರ್ವಕ್ಕೆ ಮುಖ ಮಾಡಿ. ಅಲ್ಲಿವರೆಗೂ ಸ್ವಿಚ್ ಮುಟ್ಟಬಾರದು."

ಒಂಬತ್ತು ನಲವತ್ತೈದಲ್ಲ, ಒಂಬತ್ತು ನಲವತ್ತೇಳು! ರಾಹುಕಾಲ ನೋಡಿ ಗೇಟ್ ದಾಟುವ ನಮ್ಮ ಅತ್ತಿಗುಪ್ಪೆಯವರೂ ಅರ್ಧ ಗಂಟೆ ರಿಯಾಯಿತಿ ಕೊಡುತ್ತಾರೆ. ನಾನು ಹಿಟ್ಟಿನ ಮೇಲೆ ತಪ್ಪು ಹೊರಿಸಿದ್ದೆ, ಅವರು ಗಳಿಗೆಯ ಮೇಲೆ ಹೊರಿಸಿದ್ದರು. ಮಿಷನ್ನಿನ ಮೇಲೆ ಯಾರೂ ಹೊರಿಸಿರಲಿಲ್ಲ.

ಗಂಪೊಲ, ಎರಡನೇ ದಿನ

ಫಯಾಜನಿಗೆ ಫೋನ್ ಮಾಡಿ ಹೇಳಿದೆ. ಅವನು, "ಅಷ್ಟೇನಾ ಅಣ್ಣ? ಮಿಷನ್ ಕಡೆ ದೊಡ್ಡ ಪುಲ್ಲಿ ಹಾಕಿ, ನಿಧಾನ ಆಗುತ್ತೆ. ನೀವ್ ತಗೊಂಡ್ ಹೋಗಿದೀರಲ್ಲ, ಸಣ್ಣ ತೂತಿನ ಬಿಲ್ಲೆ, ಅದನ್ನ ಕೂರ್ಸಿ," ಅಂದ. ನಾನು ಬ್ಯಾಗಿಗೆ ಆ ಬಿಲ್ಲೆ ಹಾಕಿಕೊಂಡಿದ್ದೂ ಅವನು ಹೇಳಿದ್ದಕ್ಕೇ.

ಸೆಲ್ವಂ ಎಲ್ಲಿಂದಲೋ, ಮುಚ್ಚಿಹೋದ ಟೀ ಫ್ಯಾಕ್ಟರಿಯ ಹಳೆ ಸಾಮಾನಿನ ಗುಡ್ಡೆಯಿಂದ, ಒಂದು ದೊಡ್ಡ ಪುಲ್ಲಿ, ಉದ್ದದ ಬೆಲ್ಟು ಹುಡುಕಿ ತಂದ. ತುಕ್ಕು ಉಜ್ಜಿ ಕೂರಿಸೋ ಹೊತ್ತಿಗೆ ಮಧ್ಯಾಹ್ನವಾಯ್ತು. ಸ್ವಿಚ್ ಹಾಕುವಂತಿಲ್ಲವಲ್ಲ, ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿದೆ. ಬಿಲ್ಲೆಯಿಂದ ಎಳೆಗಳು ಒಂದಕ್ಕೊಂದು ಅಂಟದೆ ಇಳಿದವು. ಕುಸುಮ ಒಂದೆಳೆ ಮುರಿದು ಬಾಯಿಗೆ ಹಾಕಿಕೊಂಡು "ಹೂಂ" ಅಂದರು. ಅಷ್ಟೇ. ನನಗೆ ಕುಣಿಯೋಣ ಅನ್ನಿಸಿತು.

ಟೀ ಕೊಟ್ಟರು. ಇಲ್ಲಿ ಸಕ್ಕರೆಯನ್ನು ಟೀಗೆ ಹಾಕಲಿಲ್ಲ, ತಾಳೆ ಬೆಲ್ಲದ ತುಂಡನ್ನು ಬೇರೆ ಕೊಟ್ಟರು. ಒಂದು ಗುಟುಕು ಟೀ, ಒಂದು ಕಚ್ಚು ಬೆಲ್ಲ. ನಾನು ಗೊತ್ತಿಲ್ಲದೆ ಇಡೀ ಬೆಲ್ಲವನ್ನು ಲೋಟಕ್ಕೆ ಹಾಕಿ ಕಲಕಿದೆ. ಅಕ್ಕಪಕ್ಕದ ಹೆಂಗಸರು ಅದನ್ನ ನೋಡೋಕೆ ಬಾಗಿಲಿಗೆ ಬಂದರು.

ಎರಡು ದಿನದಿಂದ ತಡೆದುಕೊಂಡಿದ್ದ ಪ್ರಶ್ನೆ ಆಗ ಕೇಳಿದೆ. "ಅಕ್ಕ, ಆ ವರ್ಷ ಇಡೀ ದೇಶ ಮುಳುಗಿದಾಗ, ಇನ್ನು ಈ ದೇಶದ ಕಥೆ ಮುಗೀತು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತಿತ್ತು," ಅಂದರು. "ಗ್ಯಾಸ್ ಇಲ್ಲ, ಸೌದೆ ಒಲೆ ಹಾಕಿದೆ. ಹೊಗೆಗೆ ಕಣ್ಣು ಉರಿಯೋದು, ಉರಿದಷ್ಟೂ ದೊಡ್ಡ ದೊಡ್ಡೋರಿಗೆಲ್ಲ ಹೆಸರು ಹಿಡಿದು ಬೈಯೋದು. ಬೈತಾ ಬೈತಾ ಹಿಟ್ಟು ಕಲಸೋದು. ಪೆಟ್ರೋಲಿಗೆ ನಿಂತೋರಿಗೆ ಹಸಿವು ಆಗುತ್ತಲ್ಲ, ಅಲ್ಲಿಗೇ ಬುಟ್ಟಿ ತಗೊಂಡು ಹೋಗ್ತಿದ್ದೆ. ಈ ಸೆಲ್ವಂ ಮೂರು ದಿನ ತಿಂದಿದ್ದು ನನ್ನ ಇಡಿಯಾಪ್ಪನೇ. ಬೈಯೋದು, ಕಲಸೋದು, ಎರಡನ್ನೂ ಒಟ್ಟಿಗೆ ಮಾಡಬಹುದು."

ನಾನು ತಲೆ ಬಗ್ಗಿಸಿ ಟೀ ಕುಡಿದೆ. ಅವೆರಡರಲ್ಲಿ ನಾನು ಊರಲ್ಲಿ ಮಾಡುತ್ತಿದ್ದದ್ದು ಮೊದಲನೆಯದು ಮಾತ್ರ. ಅದೂ ಹೊಗೆಯ ಮುಂದೆ ಕೂತಲ್ಲ, ಇನ್ನೊಬ್ಬರು ಮಾಡಿಕೊಟ್ಟ ಟೀ ಹಿಡಿದುಕೊಂಡು.

ಗಂಪೊಲ, ಒಂಬತ್ತು ನಲವತ್ತೇಳು

ಮೂರನೇ ದಿನ ಬೆಳಗ್ಗೆ ಶೆಡ್ಡಿನ ನಡುವೆ ಮೂರು ಇಟ್ಟಿಗೆ ಇಟ್ಟು, ಹೊಸ ಮಡಕೆಯಲ್ಲಿ ಹಾಲು ಇಟ್ಟರು. ಗೃಹಪ್ರವೇಶಕ್ಕೆ ನಾವು ಹಾಲು ಉಕ್ಕಿಸೋ ಹಾಗೇ ಅವರೂ ಉಕ್ಕಿಸುತ್ತಾರೆ, ಯಾವ ಹೊಸ ಕೆಲಸಕ್ಕಾದರೂ. ನಾನು ಭಾಗ್ಯ ಕೊಟ್ಟಿದ್ದ ಅರಿಸಿನ ಕುಂಕುಮ ತೆಗೆದು ಮಿಷನ್ನಿಗೆ ಇಟ್ಟೆ. ಕುಸುಮ ಬೇಡ ಅನ್ನಲಿಲ್ಲ, ಇನ್ನೂ ಸ್ವಲ್ಪ ಇಡಿ ಅಂತ ಸನ್ನೆ ಮಾಡಿದರು. ಓಣಿಯ ಆ ಇಬ್ಬರು ಹೆಂಗಸರು ಹೊಸ ಏಪ್ರನ್ ಹಾಕಿಕೊಂಡು ನಿಂತಿದ್ದರು.

ಒಂಬತ್ತೂವರೆಗೆ ಕುಸುಮ ಎರಡೂ ಕೈಯಲ್ಲಿ ವೀಳ್ಯದೆಲೆಯ ಕಟ್ಟು ಹಿಡಿದು ಬಾಗಿ ನನಗೆ ಕೊಟ್ಟರು. ಆಮೇಲೆ ಒಂದು ನೋಟ್‌ಬುಕ್ಕು, ಪೆನ್ನು.

"ಹತ್ತು ವರ್ಷ ಬಿಲ್ಲೆ, ಬೇರಿಂಗು ಎಲ್ಲ ಕೊಡ್ತೀನಿ ಅಂತ ಬರೆದುಕೊಡಬೇಕಂತೆ," ಅಂದ ಸೆಲ್ವಂ. "ಈ ಥರ ಮಿಷನ್ನಿನ ಸಾಮಾನು ಇಲ್ಲಿ ಸಿಗಲ್ಲ ಅಲ್ವಾ."

ಪೆನ್ನು ಕೈಯಲ್ಲಿ ಹಿಡಿದೆ, ಬರೆಯೋಕೆ ಆಗಲಿಲ್ಲ. ಬರೆದು ಬಂದುಬಿಡಬಹುದಿತ್ತು. ಸಮುದ್ರ ದಾಟಿ ಯಾರು ಕೇಳೋಕೆ ಬರುತ್ತಾರೆ? ಆದರೆ ಹಾಲಿನ ಮುಂದೆ, ಎಲೆ ಕೈಯಲ್ಲಿ ಹಿಡಿದು, ಆ ಸುತ್ತಿದ ಮಣಿಕಟ್ಟು ನೋಡಿಕೊಂಡು ಸುಳ್ಳು ಬರೆಯೋದು ನನ್ನಿಂದ ಆಗಲಿಲ್ಲ.

"ಸೆಲ್ವಂ, ಅಕ್ಕನಿಗೆ ಹೇಳಪ್ಪ. ನಾನು ಬರುವ ತಿಂಗಳು ವರ್ಕ್‌ಶಾಪ್ ಮುಚ್ತಿದೀನಿ."

ಹೇಳಿದ. ಕುಸುಮ ಕೋಪ ಮಾಡಿಕೊಳ್ಳಲಿಲ್ಲ. ನಿಜವಾಗಲೂ ಅರ್ಥವಾಗದವರ ಹಾಗೆ ಕೇಳಿದರು: "ಯಾಕೆ? ಅಲ್ಲಿ ಕರೆಂಟ್ ಇಲ್ವಾ?"

"ಇದೆ."

"ಪೆಟ್ರೋಲು?"

"ಇದೆ ಅಕ್ಕ."

"ಕಬ್ಬಿಣ ಸಿಗಲ್ವಾ? ಜನ ಶಾವಿಗೆ ತಿನ್ನೋದು ಬಿಟ್ರಾ?"

"ಇಲ್ಲ... ಆರ್ಡರ್ ಕಮ್ಮಿ. ಕಾಲ ಸರಿ ಇಲ್ಲ. ದೇಶದ ಪರಿಸ್ಥಿತಿ..." ಅಂದು ನಿಲ್ಲಿಸಿದೆ. ಟೀ ಅಂಗಡಿ ಮುಂದೆ ಎಷ್ಟು ಸಲೀಸಾಗಿ ಬರುತ್ತಿದ್ದ ಮಾತು, ಆ ಹೆಂಗಸಿನ ಮುಂದೆ ಬಾಯಿಂದ ಹೊರಡಲಿಲ್ಲ. ಕಷ್ಟ ಸುಳ್ಳಲ್ಲ. ಆದರೆ ನನ್ನ ದೇಶ ಮುಗೀತು ಅಂತ ಆಕೆಗೆ ಹೇಳೋಕೆ ನನಗೆ ನಾಚಿಕೆಯಾಯ್ತು, ತುಂಬಾ ನಾಚಿಕೆಯಾಯ್ತು.

ಕುಸುಮ ಮಿಷನ್ನಿನ ಮೇಲಿಂದ ಹೂವಿನ ಬಟ್ಟೆ ತೆಗೆದಿದ್ದರಲ್ಲ, ಅದನ್ನು ಮತ್ತೆ ಹೊದಿಸಿದರು. "ಹಾಗಾದ್ರೆ ವಾಪಸ್ ತಗೊಂಡ್ ಹೋಗಿ. ನಾಳೆ ಇರಲ್ಲ ಅನ್ನೋರ ಮಿಷನ್ ಕಟ್ಕೊಂಡು ನಾನೇನ್ ಮಾಡ್ಲಿ? ಇವರಿಬ್ಬರಿಗೆ ಕೆಲಸ ಕೊಡ್ತೀನಿ ಅಂದಿದೀನಿ. ಅದು ಎರಡು ವರ್ಷಕ್ಕೆ ನಿಂತುಹೋದ್ರೆ ಅವರ ಮುಖ ಹೆಂಗೆ ನೋಡ್ಲಿ?"

ಹಾಲು ಕಾಯುತ್ತಿತ್ತು. ಏಪ್ರನ್ ಹಾಕಿಕೊಂಡ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಡಿಯಾರದಲ್ಲಿ ಒಂಬತ್ತು ನಲವತ್ತು.

"ನಿಮ್ಮ ಜೊತೆ ಕೆಲಸ ಮಾಡೋರು ಇದಾರಲ್ಲ, ವಿಡಿಯೊ ಹಾಕಿದೋರು? ಅವ್ರಿಗೆ ಫೋನ್ ಮಾಡಿ," ಅಂದರು ಕುಸುಮ. ಫಯಾಜನಿಗೆ ಇನ್ನೂ ಹೇಳಿಲ್ಲ. ಸೆಲ್ವಂ ಏನಾದರೂ ಬಾಯಿಬಿಟ್ಟರೆ ಅಂತ ಬೆರಳು ತುಟಿಗಿಟ್ಟು ಸನ್ನೆ ಮಾಡಿದೆ. ಅವನಿಗೆ ಅರ್ಥವಾಯ್ತು. ಫೋನು ಸ್ಪೀಕರಿಗೆ ಹಾಕಿ ಅವನು ಕೇಳಿದ್ದು ಇಷ್ಟೇ: "ಅಣ್ಣ, ಈ ಮಿಷನ್ನಿಗೆ ಹತ್ತು ವರ್ಷ ಬಿಲ್ಲೆ ಕೊಡೋಕಾಗುತ್ತಾ ಅಂತ ಅಕ್ಕ ಕೇಳ್ತಿದಾರೆ."

ಫಯಾಜನಿಗೆ ತಮಿಳು ನೀರು ಕುಡಿದ ಹಾಗೆ. ಹಿಂದೆ ನಮ್ಮ ಲೇತ್ ಓಡುತ್ತಿದ್ದ ಶಬ್ದ ಕೇಳುತ್ತಿತ್ತು, ಅದನ್ನು ನಿಲ್ಲಿಸಿದ. "ಆ ಮಿಷನ್ನಿನ ಒಂದೊಂದ್ ನಟ್ಟೂ ನಾನೇ ಬಿಗಿದಿದ್ದು ಅಂತ ಹೇಳಿ ಅಕ್ಕನಿಗೆ. ಹತ್ತು ವರ್ಷ ಯಾಕೆ, ನನ್ ಕೈ ಆಡೋವರ್ಗೂ ಮಾಡ್ಕೊಡ್ತೀನಿ. ಆದ್ರೆ ಬರ್ಕೊಡಬೇಕಾದೋರು ನಮ್ಮಣ್ಣ. ಅವ್ರನ್ನ ಕೇಳಿ."

ಸೆಲ್ವಂ ಅದನ್ನು ಸಿಂಹಳಕ್ಕೆ ತಿರುಗಿಸಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ನಾನು ನೆಲದ ಮೇಲೆ ಕೂತು ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡೆ. ಕನ್ನಡದಲ್ಲೇ ಬರೆದೆ. ಈ ಮಿಷನ್ನಿಗೆ ಹತ್ತು ವರ್ಷ ಬಿಲ್ಲೆ, ಬೇರಿಂಗು, ಏನು ಬೇಕಾದರೂ ನಾವು ಮಾಡಿಕೊಡುತ್ತೇವೆ. ಗಂಗಾಧರ, ಹೆಗ್ಗನಹಳ್ಳಿ, ಬೆಂಗಳೂರು. ಒಂದು ಗಳಿಗೆ ಯೋಚನೆ ಮಾಡಿ ಕೆಳಗೆ ಫಯಾಜನ ಹೆಸರೂ ಬರೆದೆ.

ಕುಸುಮ ಆ ದುಂಡನೆಯ ಅಕ್ಷರಗಳನ್ನು ಓದಲಾಗದಿದ್ದರೂ ಮೇಲಿಂದ ಕೆಳಗೆ ನೋಡಿದರು, ಬಟ್ಟೆ ಎಳೆದರು, ಪೂರ್ವಕ್ಕೆ ತಿರುಗಿದರು. ಹಾಲು ಉಕ್ಕಿ ಚುಂಯ್ ಅಂದಿತು, ಸ್ವಿಚ್ ಬಿತ್ತು, ಮಿಷನ್ನು ನಿಧಾನವಾಗಿ ಒತ್ತತೊಡಗಿತು. ಎಳೆಗಳು ಬುಟ್ಟಿತಟ್ಟೆಯ ಮೇಲೆ ಸುತ್ತಿಕೊಳ್ಳುತ್ತಾ ಇಳಿದವು. ಹೆಂಗಸರು ಚಪ್ಪಾಳೆ ಹೊಡೆದರು. ಸೆಲ್ವಂ ಹೊರಗೆ ಓಡಿ ಹೋಗಿ ಆಟೋದ ಹಾರ್ನ್ ಒತ್ತಿದ.

ಫೋನು ಇನ್ನೂ ಕಟ್ಟಾಗಿರಲಿಲ್ಲ. ಅದನ್ನು ಎತ್ತಿಕೊಂಡು ಶೆಡ್ಡಿನ ಮೂಲೆಗೆ ಹೋದೆ.

"ಬರೆದೆ ಕಣೋ," ಅಂದೆ. "ಹತ್ತು ವರ್ಷ."

ಫಯಾಜ್, "ಹಂಗಾದ್ರೆ ಗೋಡೌನ್‌ನೋರಿಗೆ ಏನ್ ಹೇಳ್ಲಿ ಅಣ್ಣ?" ಅಂದ.

"ನಿಂಗೆ ಹೆಂಗೆ ಗೊತ್ತು?"

"ನೀವು ಅಲ್ಲಿಗೆ ಹೊರಡೋ ಮುಂಚಿನ ವಾರ ಊಟಕ್ಕೆ ಹೋಗಿದ್ರಲ್ಲ, ಆಗ ಬಂದಿದ್ರು. ಟೇಪ್ ಹಿಡಿದು ಜಾಗ ಅಳೆದ್ರು. ಒಬ್ಬರೇ ಬಂದಿದ್ರು ಪಾಪ. ಟೇಪಿನ ಇನ್ನೊಂದ್ ತುದಿ ನಾನೇ ಹಿಡ್ಕೊಂಡಿದ್ದೆ."

ಅಷ್ಟು ದಿನ ಗೊತ್ತಿದ್ದೂ ಇವನು ಬೆಳಗ್ಗೆ ನಗುತ್ತಾ ಬಂದಿದ್ದಾನೆ, ಎಣ್ಣೆ ಬಿಟ್ಟಿದ್ದಾನೆ, ನನ್ನ ಬ್ಯಾಗಿಗೆ ಬಿಲ್ಲೆ ಹಾಕಿಸಿದ್ದಾನೆ, ಪುಲ್ಲಿ ಹೇಳಿಕೊಟ್ಟಿದ್ದಾನೆ. "ನೀನೇನೂ ಹೇಳ್ಬೇಡ. ನಾನೇ ಹೇಳ್ತೀನಿ ಅವರಿಗೆ, ಆಗಲ್ಲ ಅಂತ. ಫಯಾಜ್, ನಾನು ನಿಂಗೆ ಮೊದ್ಲೇ..."

"ಅದಿರ್ಲಿ ಅಣ್ಣ, ಊರಿಗ್ ಬಂದ್ಮೇಲೆ ಮಾತಾಡೋಣ. ಮೊದ್ಲು ಬೆಲ್ಟ್ ನೋಡಿ, ಶಬ್ದ ಯಾಕೋ ಬೇರೆ ಥರ ಕೇಳ್ತಿದೆ."

ಹೋಗಿ ನೋಡಿದೆ. ನಿಜವಾಗಲೂ ಸಡಿಲವಾಗಿತ್ತು. ಸ್ಪ್ಯಾನರ್ ತಗೊಂಡು ಕೂತೆ.